ಆಕರಕೋಶಗಳ ಓಲೆ

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಸೋದರಮಾವನವರು ನುಣುಪಾದ ಬಣ್ಣದ ಕರಪತ್ರವೊಂದನ್ನು ನನ್ನ ಕೈಗಿತ್ತು, “ಇದ್ರಲ್ಲಿ ಏನ್ ಬರ್ದವ್ರೆ, ವಸಿ ಓದಿ ಹೇಳವ್ವ” ಎಂದರು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮುಂದೆ ಮೂವತ್ತು ವರ್ಷ ನಿಂತು ದುಡಿದವರು ಅವರು. ಈಗ ಎರಡು ಮಂಡಿಗಳೂ ನೋವು. ಮೆಟ್ಟಿಲು ಇಳಿಯಬೇಕಾದರೆ ಗೋಡೆ ಹಿಡಿಯಬೇಕು. ಕರಪತ್ರದಲ್ಲಿ ‘ಸ್ಟೆಮ್ ಸೆಲ್ ಎಕ್ಸೋಸೋಮ್ ಚುಚ್ಚುಮದ್ದು’ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು. ಮಂಡಿಯ ಸವೆತ, ಬೋಳುತಲೆ, ಮುಖದ ಸುಕ್ಕು, ಸಕ್ಕರೆ ಕಾಯಿಲೆ, ಮಕ್ಕಳ ಬುದ್ಧಿಯ ಬೆಳವಣಿಗೆಯಲ್ಲಿನ ಕುಂದು—ಇಷ್ಟಕ್ಕೂ ಅದೊಂದೇ ಮದ್ದು. ಬೆಲೆಯನ್ನು ಮಾತ್ರ ಅಚ್ಚು ಹಾಕಿರಲಿಲ್ಲ. ಮಾವನವರು ದೂರವಾಣಿಯಲ್ಲಿ ಕೇಳಿ ತಿಳಿದುಕೊಂಡಿದ್ದ ಮೊತ್ತವು ಅವರ ಒಂದು ವರ್ಷದ ಗಳಿಕೆಯ ಮುಕ್ಕಾಲು ಪಾಲಾಗುತ್ತಿತ್ತು. ಅತ್ತೆಯ ಸರವನ್ನು ಅಡವಿಡುವ ಮಾತು ಆಗಲೇ ಮನೆಯಲ್ಲಿ ಎದ್ದಿತ್ತು.

ನಾನು ಇತಿಹಾಸವನ್ನು ಓದುವವಳು. ನಮ್ಮ ಕಾಲೇಜಿನಲ್ಲಿ ಸೂಕ್ಷ್ಮದರ್ಶಕವಿಲ್ಲ. ಕಲಾ ಕಾಲೇಜಿನಲ್ಲಿ ಇರಬೇಕಾದ ಕಾರಣವೂ ಇಲ್ಲ. ಆದರೂ ಮನೆಯವರ ದೃಷ್ಟಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೆಲ್ಲರೂ ಸರ್ವಜ್ಞರೇ. ಅಂದು ಮಾವನವರಿಗೆ ನೆಟ್ಟಗೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆ ನಾಚಿಕೆಯಿಂದ ಕೆಲವು ತಿಂಗಳು ಓದಿ, ತಿಳಿದವರನ್ನು ಕೇಳಿ, ಕಲಿತಷ್ಟನ್ನು ಇಲ್ಲಿ ಬರೆದಿದ್ದೇನೆ. ತಪ್ಪು ಕಂಡುಬಂದರೆ ಬಲ್ಲವರು ತಿದ್ದಬೇಕು.

ಮೊದಲು ಆಕರಕೋಶದ ವಿಚಾರ. ಪತ್ರಿಕೆಗಳಲ್ಲಿ ಇದನ್ನೇ ಕೆಲವರು ಕಾಂಡಕೋಶವೆಂದೂ ಕೆಲವರು ಸ್ಟೆಮ್ ಸೆಲ್ ಎಂದೂ ಬರೆಯುತ್ತಾರೆ. ನಮ್ಮ ದೇಹದ ಬಹುಪಾಲು ಜೀವಕೋಶಗಳು ತಮ್ಮ ತಮ್ಮ ಕಸುಬನ್ನು ಹಿಡಿದುಬಿಟ್ಟಿವೆ. ಚರ್ಮದ ಕೋಶವು ಚರ್ಮವಾಗಿಯೇ, ಸ್ನಾಯುವಿನ ಕೋಶವು ಸ್ನಾಯುವಾಗಿಯೇ ಬಾಳುತ್ತದೆ. ಆದರೆ ಕಸುಬು ಹಿಡಿಯದೆ ಉಳಿದ ಕೆಲವು ಕೋಶಗಳುಂಟು. ಅವು ಒಡೆದು ಎರಡಾಗುವಾಗ ತಮ್ಮಂಥದನ್ನೂ ಹುಟ್ಟಿಸಬಲ್ಲವು, ಕಸುಬು ಹಿಡಿಯುವ ಬೇರೊಂದನ್ನೂ ಹುಟ್ಟಿಸಬಲ್ಲವು. ಇವೇ ಆಕರಕೋಶಗಳು. ಮೂಳೆಯೊಳಗಿನ ಮಜ್ಜೆಯಲ್ಲಿ ಇಂಥವು ಇರುವುದರಿಂದಲೇ ದಿನವೊಂದಕ್ಕೆ ಸುಮಾರು ೨೦,೦೦೦ ಕೋಟಿ ಹೊಸ ಕೆಂಪು ರಕ್ತಕಣಗಳು ನಮ್ಮಲ್ಲಿ ಹುಟ್ಟುತ್ತಿವೆ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಟಿಲ್ ಮತ್ತು ಮೆಕಲಕ್ ಎಂಬಿಬ್ಬರು ೧೯೬೧ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ ಇದಕ್ಕೆ ಸಾಕ್ಷ್ಯ ಒದಗಿಸಿದರು. ಮಜ್ಜೆಯ ಕಸಿಯ ಚಿಕಿತ್ಸೆ ನಿಂತಿರುವುದು ಇದೇ ತಳಹದಿಯ ಮೇಲೆ. ನಮ್ಮ ದೇಶದಲ್ಲಿ ಅದು ಮೊದಲು ಸಫಲವಾದದ್ದು ೧೯೮೩ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ರಕ್ತದ ಕೆಲವು ಕಾಯಿಲೆಗಳಿಗೆ ಈ ಚಿಕಿತ್ಸೆಯ ಗುಣ ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಿರಪಟ್ಟಿದೆ.

ಮಜ್ಜೆಯಲ್ಲಿ ಇನ್ನೊಂದು ಜಾತಿಯ ಕೋಶವೂ ಇದೆ. ಕೊಬ್ಬಿನಲ್ಲಿ ಮತ್ತು ಹೊಕ್ಕುಳಬಳ್ಳಿಯಲ್ಲಿಯೂ ಅದು ದೊರೆಯುತ್ತದೆ. ಗಾಜಿನ ಬಟ್ಟಲಿನಲ್ಲಿ ಸಾಕಿದರೆ ಅದು ಮೂಳೆಯಾಗಬಲ್ಲುದು, ಮೃದ್ವಸ್ಥಿಯಾಗಬಲ್ಲುದು, ಕೊಬ್ಬಾಗಬಲ್ಲುದು. ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಎಂಬವರು ೧೯೯೧ರಲ್ಲಿ ಇದಕ್ಕೆ ‘ಮೀಸೆಂಕೈಮಲ್’ ಆಕರಕೋಶವೆಂಬ ಹೆಸರಿಟ್ಟರು. ಈ ಬರಹದಲ್ಲಿ ಮುಂದೆ ಆಕರಕೋಶವೆಂದಾಗಲೆಲ್ಲ ಇದನ್ನೇ ಕುರಿತು ಹೇಳಿದೆಯೆಂದು ವಾಚಕರು ತಿಳಿಯಬೇಕು. ಹೃದಯ ಘಾಸಿಗೊಂಡಲ್ಲಿ ಇದನ್ನು ಚುಚ್ಚಿದರೆ ಹೃದಯದ ಸ್ನಾಯುವಾದೀತು, ಮಂಡಿಗೆ ಚುಚ್ಚಿದರೆ ಹೊಸ ಮೃದ್ವಸ್ಥಿಯಾದೀತು ಎಂದು ಎಲ್ಲರೂ ಹಿಗ್ಗಿದರು. ಹರಿದ ಬಟ್ಟೆಗೆ ತೇಪೆ ಹಾಕಿದಂತೆ ಎಂಬುದು ಆಗಿನ ಎಣಿಕೆ.

ಆದರೆ ನಡೆದದ್ದು ಬೇರೆ. ರಕ್ತನಾಳದ ಮೂಲಕ ಕೊಟ್ಟ ಕೋಶಗಳಲ್ಲಿ ಹೆಚ್ಚಿನವು ಗಾತ್ರದಲ್ಲಿ ದೊಡ್ಡವಾದುದರಿಂದ ಶ್ವಾಸಕೋಶದ ಕಿರುನಾಳಗಳಲ್ಲಿಯೇ ಸಿಕ್ಕಿಕೊಂಡವು. ಬೇಕಾದ ಜಾಗವನ್ನು ಮುಟ್ಟಿದವೂ ಕೆಲವು ದಿನಗಳಲ್ಲಿ ಕಾಣೆಯಾದವು. ತೇಪೆಯೇ ಉಳಿಯಲಿಲ್ಲ. ವಿಚಿತ್ರವೆಂದರೆ, ತೇಪೆ ಉಳಿಯದಿದ್ದರೂ ಪ್ರಾಣಿಗಳಲ್ಲಿ ಎಷ್ಟೋ ವೇಳೆ ಗುಣ ಕಂಡುಬಂತು. ಮೇಸ್ತ್ರಿ ಬಂದು ಎರಡು ದಿನ ನಿಂತು ಹೊರಟುಹೋಗಿದ್ದಾನೆ, ಗೋಡೆಯಾದರೋ ಏಳುತ್ತಲೇ ಇದೆ! ಹಾಗಾದರೆ ಹೋಗುವ ಮೊದಲು ಮನೆಯವರಿಗೆ ಅವನು ಏನನ್ನೋ ಹೇಳಿ ಹೋಗಿರಬೇಕಲ್ಲವೆ?

ಮುಂದಿನ ಹೆಜ್ಜೆ ಸರಳವಾದದ್ದು, ಆದರೆ ನನಗೆ ಬಹಳ ಮೆಚ್ಚುಗೆಯಾದದ್ದು. ಆಕರಕೋಶಗಳನ್ನು ಸಾಕಿದ ಬಟ್ಟಲಿನಿಂದ ಕೋಶಗಳನ್ನೆಲ್ಲ ತೆಗೆದುಬಿಟ್ಟು, ಅವು ಈಜಾಡಿದ ದ್ರವವನ್ನು ಮಾತ್ರ ಪ್ರಾಣಿಗಳಿಗೆ ಕೊಟ್ಟು ನೋಡಿದರು. ಆ ದ್ರವವೂ ಗುಣ ತೋರಿಸಿತು. ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಎಂಬ ವಿದುಷಿಯ ತಂಡದವರು ಆ ದ್ರವವನ್ನು ಇನ್ನಷ್ಟು ಸೋಸಿ, ಅದರಲ್ಲಿದ್ದ ಅತಿ ಸೂಕ್ಷ್ಮವಾದ ಗುಳ್ಳೆಗಳನ್ನು ಬೇರ್ಪಡಿಸಿ ಹೃದಯಾಘಾತಕ್ಕೆ ಗುರಿಯಾದ ಇಲಿಗಳಿಗೆ ಕೊಟ್ಟರು. ಹೃದಯದ ಘಾಸಿಯ ವಿಸ್ತಾರ ಕಡಮೆಯಾಯಿತೆಂದು ೨೦೧೦ರಲ್ಲಿ ಪ್ರಕಟಿಸಿದರು. ಆ ಗುಳ್ಳೆಗಳೇ ಎಕ್ಸೋಸೋಮುಗಳು. ಇಷ್ಟೆಲ್ಲ ಆದ ಮೇಲೆ, ೨೦೧೭ರಲ್ಲಿ, ಹೆಸರಿಟ್ಟ ಕ್ಯಾಪ್ಲನ್ ಅವರೇ ‘ಈ ಹೆಸರನ್ನು ಬದಲಾಯಿಸುವ ಕಾಲ ಬಂದಿದೆ’ ಎಂದು ಬರೆದರು. ಇವು ಹೊಸ ಅಂಗವಾಗಿ ಬೆಳೆಯುವ ಕೋಶಗಳಲ್ಲ, ಮದ್ದಿನಂಥ ಸಂದೇಶಗಳನ್ನು ಸೂಸುವ ಕೋಶಗಳು ಎಂಬುದು ಅವರ ಅಭಿಪ್ರಾಯ. ಇಪ್ಪತ್ತಾರು ವರ್ಷ ಲೋಕವೆಲ್ಲ ಬಳಸಿದ ತನ್ನದೇ ಹೆಸರನ್ನು ತಪ್ಪೆಂದು ಹೇಳಲು ದೊಡ್ಡ ಮನಸ್ಸು ಬೇಕು. ಕರಪತ್ರ ಅಚ್ಚು ಹಾಕಿಸುವವರು ಈ ಮಾತನ್ನು ಇನ್ನೂ ಕೇಳಿದಂತಿಲ್ಲ.

ಎಕ್ಸೋಸೋಮಿನ ಗಾತ್ರ ೩೦ರಿಂದ ೧೫೦ ನ್ಯಾನೊಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲು ನ್ಯಾನೊಮೀಟರು. ಅಂದರೆ ರಾಗಿಯ ಕಾಳೊಂದರ ಅಡ್ಡಗಲದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಎಕ್ಸೋಸೋಮುಗಳನ್ನು ಸಾಲಾಗಿ ನಿಲ್ಲಿಸಬಹುದು. ಸಾಮಾನ್ಯ ಸೂಕ್ಷ್ಮದರ್ಶಕದ ಕಣ್ಣಿಗೂ ಅವುಗಳ ಆಕಾರ ಬೀಳದು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಅವು ಹುಟ್ಟುವ ಬಗೆ ಹೀಗೆ. ಜೀವಕೋಶದ ಹೊರಪೊರೆಯು ಒಳಕ್ಕೆ ಮಡಿಚಿ ಒಂದು ಚೀಲವಾಗುತ್ತದೆ. ಆ ಚೀಲದ ಗೋಡೆಯು ಮತ್ತೆ ಒಳಕ್ಕೆ ಮೊಗ್ಗೊಡೆದು ಅನೇಕ ಕಿರುಗುಳ್ಳೆಗಳಾಗುತ್ತವೆ. ಕೋಶದೊಳಗಿನ ಸರಕು ಆ ಗುಳ್ಳೆಗಳನ್ನು ಸೇರುತ್ತದೆ. ಕೊನೆಗೆ ದೊಡ್ಡ ಚೀಲವು ಹೊರಪೊರೆಗೆ ಬಂದು ಅಂಟಿ ಬಾಯಿ ತೆರೆದಾಗ ಕಿರುಗುಳ್ಳೆಗಳೆಲ್ಲ ಹೊರಬೀಳುತ್ತವೆ. ಹಿತ್ತಲಲ್ಲಿ ಒಣಹಾಕಿದ ಹರಳುಕಾಯಿ ಬಿಸಿಲೇರಿದಾಗ ಸಿಡಿದು ಬೀಜ ಚೆಲ್ಲುವುದನ್ನು ನಮ್ಮ ಊರುಗಳಲ್ಲಿ ಕಾಣದವರಿಲ್ಲ. ಹೆಚ್ಚು ಕಡಮೆ ಹಾಗೆಯೇ, ಆದರೆ ಸದ್ದಿಲ್ಲದೆ. ಕೋಶದೊಳಗೆ ಇಂಥ ಚೀಲಗಳ ಸಾಗಾಟ ಹೇಗೆ ನಡೆಯುತ್ತದೆಂಬುದನ್ನು ಬಿಡಿಸಿ ತೋರಿಸಿದ್ದಕ್ಕೆ ರಾಥ್‌ಮನ್, ಷೆಕ್‌ಮನ್, ಸುಡೋಫ್ ಎಂಬ ಮೂವರಿಗೆ ೨೦೧೩ರ ನೊಬೆಲ್ ಬಹುಮಾನ ಸಂದಿತು.

ಈ ಗುಳ್ಳೆಗಳು ಮೊದಲು ಕಣ್ಣಿಗೆ ಬಿದ್ದದ್ದು ೧೯೮೩ರಲ್ಲಿ. ಮುಂಬಯಿಯಲ್ಲಿ ಆ ಮೊದಲ ಮಜ್ಜೆಯ ಕಸಿ ನಡೆದ ವರ್ಷವೇ. ಮಾಂಟ್ರಿಯಲ್ ನಗರದಲ್ಲಿ ರೋಸ್ ಜಾನ್‌ಸ್ಟನ್ ಅವರ ತಂಡವು ಕುರಿಯ ರಕ್ತಕಣಗಳನ್ನೂ, ಅಮೆರಿಕದ ಸೇಂಟ್ ಲೂಯಿಯಲ್ಲಿ ಫಿಲಿಪ್ ಸ್ಟಾಲ್ ಅವರ ತಂಡವು ಇಲಿಯ ರಕ್ತಕಣಗಳನ್ನೂ ಪರೀಕ್ಷಿಸುತ್ತಿದ್ದವು. ಎಳೆಯ ಕೆಂಪುಕಣದ ಮೈಮೇಲೆ ಕಬ್ಬಿಣದಂಶವನ್ನು ಒಳಕ್ಕೆ ತರುವ ಬಾಗಿಲುಗಳಿರುತ್ತವೆ. ಕಣ ಬಲಿತ ಮೇಲೆ ಅವು ಬೇಡ. ಬೇಡವಾದ ಆ ಬಾಗಿಲುಗಳನ್ನು ಕಣವು ಗುಳ್ಳೆಗಳಲ್ಲಿ ಕಟ್ಟಿ ಹೊರಗೆ ಎಸೆಯುತ್ತಿತ್ತು. ಆದುದರಿಂದ ಎಕ್ಸೋಸೋಮೆಂದರೆ ಜೀವಕೋಶದ ಕಸದ ಪೊಟ್ಟಣವೆಂದೇ ಬಹುಕಾಲ ನಂಬಿದ್ದರು. ೧೯೯೬ರಲ್ಲಿ ರಪೋಸೊ ಮತ್ತು ಸಂಗಡಿಗರು, ರೋಗನಿರೋಧಕ ಕೋಶವೊಂದು ಹೊರಬಿಟ್ಟ ಗುಳ್ಳೆಯು ಇನ್ನೊಂದು ಕೋಶವನ್ನು ಎಚ್ಚರಿಸಬಲ್ಲುದೆಂದು ತೋರಿಸಿದರು. ೨೦೦೭ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ವಲಾದಿ, ಲೋಟ್ವಾಲ್ ಮೊದಲಾದವರು ಗುಳ್ಳೆಯನ್ನು ಒಡೆದು ನೋಡಿದರೆ ಒಳಗೆ ಆರ್‌ಎನ್‌ಎ ಇತ್ತು! ಒಂದು ಕೋಶದಿಂದ ಹೊರಟ ಆರ್‌ಎನ್‌ಎ ಮತ್ತೊಂದು ಕೋಶವನ್ನು ಸೇರಿ ಅಲ್ಲಿ ಕೆಲಸಮಾಡಿತು. ಕಸವೆಂದು ತಿಳಿದದ್ದು ಕಾಗದವಾಗಿತ್ತು.

ಆರ್‌ಎನ್‌ಎ ಎಂದರೇನೆಂದು ಕೇಳುವ ನನ್ನಂಥವರಿಗೆ ದೊಡ್ಡಬಳ್ಳಾಪುರದಲ್ಲಿ ಉತ್ತರವಿದೆ. ಜಕಾರ್ಡ್ ಮಗ್ಗದ ಮೇಲೆ ತೂತು ಹಾಕಿದ ಅಟ್ಟೆಗಳ ಸರಮಾಲೆಯೊಂದು ಸುತ್ತುತ್ತಿರುವುದನ್ನು ನೋಡಿದ್ದೀರಷ್ಟೆ. ಅಟ್ಟೆಯಲ್ಲಿ ರೇಷ್ಮೆಯ ಒಂದೆಳೆಯೂ ಇಲ್ಲ. ಆದರೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬ ಆಜ್ಞೆ ಅದರಲ್ಲಿದೆ. ಸೆರಗಿನ ಮೇಲೆ ನವಿಲು ಬರುವುದೂ ಮಾವಿನಕಾಯಿ ಬರುವುದೂ ಅದರಿಂದಲೇ. ಆರ್‌ಎನ್‌ಎ ಇಂಥ ಅಟ್ಟೆ. ಅದರಲ್ಲಿಯೇ ಬಹಳ ಚಿಕ್ಕದಾದ ಇನ್ನೊಂದು ಬಗೆಯುಂಟು. ಅದು ಹೊಸ ಆಜ್ಞೆಯನ್ನು ಕೊಡದೆ, ಇರುವ ಅಟ್ಟೆಯ ಕೆಲವು ತೂತುಗಳನ್ನು ಮುಚ್ಚಿದಂತೆ, ನಡೆಯುತ್ತಿರುವ ಕೆಲಸವನ್ನು ತಗ್ಗಿಸುತ್ತದೆ. ಆಕರಕೋಶದ ಎಕ್ಸೋಸೋಮಿನಲ್ಲಿ ಇವೂ ಪ್ರೋಟೀನುಗಳೂ ಇರುತ್ತವೆ. ಉರಿಯೂತವನ್ನು ತಗ್ಗಿಸು, ಸಾಯಬೇಡ, ಹೊಸ ರಕ್ತನಾಳವನ್ನು ಚಿಗುರಿಸು—ಸ್ಥೂಲವಾಗಿ ಅವು ಒಯ್ಯುವ ಸಂದೇಶ ಇಂಥದು. ಇಲ್ಲೊಂದು ಮಾತನ್ನು ಮರೆಯಬಾರದು: ಎಷ್ಟೇ ಒಳ್ಳೆಯ ಅಟ್ಟೆಯಾದರೂ ಮಗ್ಗವಿಲ್ಲದೆ, ನೂಲಿಲ್ಲದೆ ಸೀರೆಯಾಗುವುದಿಲ್ಲ. ಮೃದ್ವಸ್ಥಿ ಪೂರ್ತಿ ಸವೆದುಹೋದ ಮಂಡಿಯಲ್ಲಿ ಸಂದೇಶವನ್ನು ಓದಿಕೊಳ್ಳುವ ಕೋಶಗಳೇ ಬಹಳ ಇರುವುದಿಲ್ಲ.

ಇದೆಲ್ಲ ಎಲ್ಲೋ ಹೊರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ದೊಡ್ಡಬಳ್ಳಾಪುರದ ಬಸ್ಸು ಯಲಹಂಕವನ್ನು ದಾಟಿ ಹೆಬ್ಬಾಳದ ಕಡೆ ಸಾಗುವಾಗ ಜಿ.ಕೆ.ವಿ.ಕೆ. ಸಿಕ್ಕುತ್ತದೆ. ನಮ್ಮವರಿಗೆ ಆ ಹೆಸರು ಕೇಳಿದೊಡನೆ ನೆನಪಾಗುವುದು ಕೃಷಿ ಮೇಳ, ರಾಗಿಯ ತಳಿ. ಅದೇ ಆವರಣದಲ್ಲಿ ಆಕರಕೋಶಗಳ ಅಧ್ಯಯನಕ್ಕೆಂದೇ ೨೦೦೯ರಲ್ಲಿ ‘ಇನ್‌ಸ್ಟೆಮ್’ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಹುಟ್ಟಿತು. ಪಕ್ಕದಲ್ಲಿಯೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಜೀವಕೋಶದ ಹೊರಪೊರೆಯು ಹೊರಗಿನ ವಸ್ತುವನ್ನು ಹೇಗೆ ಒಳಗೆಳೆದುಕೊಳ್ಳುತ್ತದೆಂಬುದನ್ನು ಅಲ್ಲಿ ಸತ್ಯಜಿತ್ ಮೇಯರ್ ಅವರು ವರ್ಷಗಟ್ಟಲೆ ಶೋಧಿಸಿದ್ದಾರೆ. ಓಲೆ ಬರೆದರೆ ಸಾಲದು, ಬಾಗಿಲು ತೆರೆದು ತೆಗೆದುಕೊಳ್ಳುವವರೂ ಬೇಕಲ್ಲವೆ?

ಔಷಧವಾಗಿ ಹೊರಬಂದ ಉದಾಹರಣೆಯೂ ಬೆಂಗಳೂರಿನಲ್ಲಿದೆ. ಮಣಿಪಾಲ ಸಮೂಹಕ್ಕೆ ಸೇರಿದ ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆಯವರು ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಆಕರಕೋಶಗಳನ್ನು ಬೆಳೆಸಿ ‘ಸ್ಟೆಂಪ್ಯೂಸೆಲ್’ ಎಂಬ ಔಷಧವನ್ನು ತಯಾರಿಸಿದರು. ಬರ್ಗರ್ ಕಾಯಿಲೆಗೆ ಅದನ್ನು ಬಳಸಲು ೨೦೧೬ರಲ್ಲಿ ಕೇಂದ್ರ ಔಷಧ ನಿಯಂತ್ರಕರ ಪರಿಮಿತ ಅನುಮತಿ ದೊರೆಯಿತು. ಬರ್ಗರ್ ಕಾಯಿಲೆಯ ಹೆಸರು ಹೊಸದಾದರೂ ಸಂಕಟ ನಮಗೆ ಹೊಸದಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಕೈಕಾಲುಗಳ ಕಿರುನಾಳಗಳು ಮುಚ್ಚಿಹೋಗಿ, ಬೆರಳು ಕಪ್ಪಿಟ್ಟು, ಹುಣ್ಣಾಗಿ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರುವ ರೋಗವದು. ಮೊದಲ ಮದ್ದು ಬೀಡಿಯನ್ನು ಬಿಡುವುದೇ. ಬಿಡದವನಿಗೆ ಯಾವ ಕೋಶವೂ ನೆರವಾಗದು. ಇಲ್ಲಿ ಕೋಶಗಳನ್ನು ಮೀನಖಂಡದ ಸ್ನಾಯುವಿಗೂ ಹುಣ್ಣಿನ ಸುತ್ತಲೂ ಚುಚ್ಚುತ್ತಾರೆ. ಅವು ತಾವೇ ರಕ್ತನಾಳವಾಗಿ ಮಾರ್ಪಡುವುದಕ್ಕಿಂತ ಹೆಚ್ಚಾಗಿ, ರಕ್ತನಾಳ ಚಿಗುರುವಂತೆ ಸುತ್ತಲಿನ ಅಂಗಾಂಶಕ್ಕೆ ಹೇಳುವ ವಸ್ತುಗಳನ್ನು ಸೂಸುತ್ತವೆಂಬುದೇ ವಿವರಣೆ.

ಅದೇ ಔಷಧಕ್ಕೆ ಮಂಡಿಯ ಸವೆತದ ಚಿಕಿತ್ಸೆಗಾಗಿ ೨೦೨೨ರಲ್ಲಿ ಅನುಮತಿ ಸಿಕ್ಕಿತು. ಹಿಂದಿನ ಪರೀಕ್ಷೆಯಲ್ಲಿ ೧೪೬ ರೋಗಿಗಳಿದ್ದರು. ಸವೆತವು ಎರಡನೆಯ ಅಥವಾ ಮೂರನೆಯ ಹಂತದಲ್ಲಿದ್ದವರನ್ನು ಮಾತ್ರ ಸೇರಿಸಿಕೊಂಡಿದ್ದರು. ಪೂರ್ತಿ ಸವೆದ ನಾಲ್ಕನೆಯ ಹಂತದವರನ್ನಲ್ಲ. ಒಂದು ಗುಂಪಿಗೆ ಎರಡೂವರೆ ಕೋಟಿ ಕೋಶಗಳ ಒಂದೇ ಚುಚ್ಚುಮದ್ದು, ಇನ್ನೊಂದು ಗುಂಪಿಗೆ ಕೋಶಗಳಿಲ್ಲದ ದ್ರವ. ಒಂದು ವರ್ಷದ ವರೆಗೆ ನೋಡಿದಾಗ ಮೊದಲ ಗುಂಪಿನವರಲ್ಲಿ ನೋವು ಮತ್ತು ಬಿಗಿತ ಹೆಚ್ಚು ತಗ್ಗಿತ್ತು. ಲೋಪವಿಲ್ಲದ ಪವಾಡವಲ್ಲ, ಆದರೆ ಎಣಿಸಿ, ಹೋಲಿಸಿ, ಬರೆದಿಟ್ಟ ಫಲ. ಮಾವನವರ ಕರಪತ್ರದವರು ಮೆರೆಸುತ್ತಿದ್ದುದು ಈ ಕೀರ್ತಿಯ ನೆರಳನ್ನೇ. ಆದರೆ ಇವರು ಪರೀಕ್ಷಿಸಿದ್ದು ಕೋಶವನ್ನು. ಅವರು ಮಾರುತ್ತಿದ್ದುದು ಎಕ್ಸೋಸೋಮನ್ನು. ಒಂದರ ಅನುಮತಿಪತ್ರ ಇನ್ನೊಂದಕ್ಕೆ ಸಲ್ಲದು.

ಕೋಶಕ್ಕಿಂತ ಗುಳ್ಳೆಯೇ ಮೇಲೆಂದು ಹೇಳಲು ಕಾರಣಗಳಿಲ್ಲದೆ ಇಲ್ಲ. ಗುಳ್ಳೆಗೆ ಜೀವವಿಲ್ಲ, ಅದು ಒಡೆದು ಎರಡಾಗದು, ಗಂತಿಯಾಗಿ ಬೆಳೆಯುವ ಭಯವಿಲ್ಲ. ಶ್ವಾಸಕೋಶದ ನಾಳಗಳಲ್ಲಿ ಅದು ಕೋಶದಂತೆ ಸಿಕ್ಕಿಬೀಳದು. ಹೆಪ್ಪುಗಟ್ಟಿಸಿ ಇಡುವುದೂ ಸುಲಭ. ಜರ್ಮನಿಯ ಎಸೆನ್ ನಗರದ ವೈದ್ಯರು, ಮಜ್ಜೆಯ ಕಸಿಯ ಬಳಿಕ ಕಸಿಯೇ ಮೈಗೆ ಹಗೆಯಾದ ಒಬ್ಬ ರೋಗಿಗೆ ಇದನ್ನು ಕೊಟ್ಟು, ಲಕ್ಷಣಗಳು ತಗ್ಗಿದುದನ್ನು ೨೦೧೪ರಲ್ಲಿ ವರದಿ ಮಾಡಿದ್ದಾರೆ. ಒಬ್ಬ ರೋಗಿಯ ಕಥೆ ದಾರಿ ತೋರಿಸೀತೇ ಹೊರತು ಊರು ಮುಟ್ಟಿಸದು.

ತೊಡಕಿರುವುದು ತಯಾರಿಕೆಯಲ್ಲಿ. ಹಾಲಿನಿಂದ ಕೆನೆಯನ್ನು ಬೇರೆ ಮಾಡುವ ಯಂತ್ರದಲ್ಲಿ ತಿರುಗುವ ರಭಸಕ್ಕೆ ಹಗುರ ಭಾರಗಳು ಬೇರೆಯಾಗುತ್ತವಷ್ಟೆ. ಎಕ್ಸೋಸೋಮುಗಳನ್ನು ಹೀಗೆ ತಳಕ್ಕಿಳಿಸಬೇಕಾದರೆ ಭೂಮಿಯ ಸೆಳೆತದ ಒಂದು ಲಕ್ಷ ಪಟ್ಟು ಬಲ ಬೇಕು. ಅಷ್ಟು ಮಾಡಿದರೂ ಅದೇ ಗಾತ್ರದ ಬೇರೆ ಕಣಗಳು ಜೊತೆಯಲ್ಲಿ ಇಳಿಯುತ್ತವೆ. ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಬಟ್ಟಲಿನ ಕೋಶಗಳಿಗೆ ಆಹಾರವಾಗಿ ಹುಟ್ಟದ ಕರುವಿನ ರಕ್ತದ ತಿಳಿಯನ್ನು ಹಾಕುವ ವಾಡಿಕೆಯಿದೆ. ಆ ತಿಳಿಯಲ್ಲಿಯೇ ಕರುವಿನ ಎಕ್ಸೋಸೋಮುಗಳು ತುಂಬಿವೆ! ಕೊನೆಗೆ ಸೀಸೆಯಲ್ಲಿ ಉಳಿದದ್ದು ಮನುಷ್ಯನದೆಷ್ಟು, ಕರುವಿನದೆಷ್ಟು? ಎಚ್ಚರವುಳ್ಳವರು ಮೊದಲೇ ತಿಳಿಯನ್ನು ಸೋಸುತ್ತಾರೆ, ಇಲ್ಲವೆ ಬೇರೆ ಆಹಾರವನ್ನು ಬಳಸುತ್ತಾರೆ. ಎಚ್ಚರವಿಲ್ಲದವರ ಸೀಸೆಯ ಮೇಲೂ ಚೀಟಿ ಮಾತ್ರ ಒಂದೇ ತೆರನಾಗಿರುತ್ತದೆ. ಕೋಶಗಳ ವಯಸ್ಸು, ಆಹಾರ, ಇಕ್ಕಟ್ಟು ಬದಲಾದರೆ ಓಲೆಯ ಒಕ್ಕಣೆಯೂ ಬದಲಾಗುತ್ತದೆ. ಪ್ರಮಾಣವನ್ನು ಗುಳ್ಳೆಗಳ ಎಣಿಕೆಯಿಂದ ಹೇಳಬೇಕೆ, ಪ್ರೋಟೀನಿನ ತೂಕದಿಂದ ಹೇಳಬೇಕೆ ಎಂಬುದರಲ್ಲಿಯೇ ಒಮ್ಮತವಿಲ್ಲ. ಅದೂ ಅಲ್ಲದೆ ಕ್ಯಾನ್ಸರ್ ಕೋಶಗಳೂ ಎಕ್ಸೋಸೋಮುಗಳನ್ನು ಕಳುಹಿಸುತ್ತವೆ. ತಾವು ಹೋಗಿ ನೆಲಸಬೇಕಾದ ಅಂಗವನ್ನು ಮುಂಚಿತವಾಗಿ ಹದಮಾಡುತ್ತವೆ. ಅಂಚೆಯವನು ಶುಭಪತ್ರವನ್ನೂ ತರುತ್ತಾನೆ, ಇನ್ನೊಂದನ್ನೂ ತರುತ್ತಾನೆ.

ಅಮೆರಿಕದ ನೆಬ್ರಾಸ್ಕ ಸಂಸ್ಥಾನದಲ್ಲಿ ಅನುಮತಿಯಿಲ್ಲದ ಎಕ್ಸೋಸೋಮ್ ಚಿಕಿತ್ಸೆ ಪಡೆದ ಕೆಲವರಿಗೆ ತೀವ್ರವಾದ ತೊಂದರೆಯಾಯಿತೆಂದು ಅಲ್ಲಿನ ಔಷಧ ಆಡಳಿತವು ೨೦೧೯ರ ಡಿಸೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಅಲ್ಲಿಯಾಗಲಿ ನಮ್ಮಲ್ಲಿಯಾಗಲಿ ಇದುವರೆಗೆ ಆಕರಕೋಶದ ಎಕ್ಸೋಸೋಮ್ ಚುಚ್ಚುಮದ್ದು ಯಾವ ಕಾಯಿಲೆಗೂ ಔಷಧವೆಂದು ಅನುಮತಿ ಪಡೆದಿಲ್ಲ. ನಮ್ಮ ೨೦೧೯ರ ಹೊಸ ಔಷಧ ನಿಯಮಗಳು ಆಕರಕೋಶದಿಂದ ಪಡೆದ ಉತ್ಪನ್ನವನ್ನು ಹೊಸ ಔಷಧವೆಂದೇ ಎಣಿಸುತ್ತವೆ; ಎಂದರೆ ಪರೀಕ್ಷೆಯಾಗಿ ಅನುಮತಿ ಪಡೆಯದೆ ಮಾರುವಂತಿಲ್ಲ. ಪರೀಕ್ಷೆಯಲ್ಲಿ ಸೇರುವುದಕ್ಕೆ ಅಡ್ಡಿಯಿಲ್ಲ. ಆದರೆ ಅಂಥ ಪರೀಕ್ಷೆಯು ಸಿ.ಟಿ.ಆರ್.ಐ. ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನಮೂದಾಗಿ ಸಂಖ್ಯೆ ಪಡೆದಿರಬೇಕು. ಆ ದಾಖಲೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಪರೀಕ್ಷೆಗೆ ಮೈಯೊಡ್ಡಿದವರಿಂದ ಆ ಮದ್ದಿಗೆ ಹಣ ಕೇಳುವುದಂತೂ ಪದ್ಧತಿಯೇ ಅಲ್ಲ.

ಇದನ್ನು ತಿಳಿದ ಮೇಲೆ ನಾನು ಕರಪತ್ರದ ಸಂಖ್ಯೆಗೆ ಕರೆ ಮಾಡಿ, “ನಿಮ್ಮ ಸಿ.ಟಿ.ಆರ್.ಐ. ಸಂಖ್ಯೆ ಎಷ್ಟು?” ಎಂದು ಕೇಳಿದೆ. “ಡಾಕ್ಟರು ಬಂದ ಮೇಲೆ ತಿಳಿಸುತ್ತೇವೆ, ಮುಂಗಡ ಕಟ್ಟಿದರೆ ಈ ತಿಂಗಳ ರಿಯಾಯಿತಿ ಉಂಟು” ಎಂದರು. ಅದಾದ ಮೇಲೆ ಎರಡು ಸಲ ರಿಯಾಯಿತಿಯ ಕರೆ ಬಂತು, ಸಂಖ್ಯೆ ಬರಲಿಲ್ಲ. ಮಾವನವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಮೂಳೆಯ ವೈದ್ಯರು ಎಕ್ಸ್-ರೇ ನೋಡಿ ಸವೆತ ಎರಡನೆಯ ಹಂತದಲ್ಲಿದೆಯೆಂದರು. ಸುರುಳಿ ಸುತ್ತಿದ ಟವಲನ್ನು ಮಂಡಿಯ ಕೆಳಗಿಟ್ಟು ಒತ್ತಿ ಹಿಡಿದು ಬಿಡುವ ವ್ಯಾಯಾಮವನ್ನು ಹೇಳಿಕೊಟ್ಟರು, ತೂಕ ಇಳಿಸಬೇಕೆಂದರು, ಮಗ್ಗದ ಬಳಿ ಎತ್ತರದ ಸ್ಟೂಲು ಹಾಕಿಕೊಂಡು ಆಗಾಗ ಕುಳಿತುಕೊಳ್ಳಬೇಕೆಂದರು. ಸರ ಅತ್ತೆಯ ಕೊರಳಲ್ಲಿಯೇ ಇದೆ. ನೋವು ಪೂರ್ತಿ ಹೋಗಿಲ್ಲ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದು ಕೊಂಚ ಕಡಮೆಯಾಗಿದೆ.

ಓಲೆ, ಅಟ್ಟೆ, ಹರಳುಕಾಯಿ ಎಂದು ಇಲ್ಲಿ ಬರೆದುದನ್ನೆಲ್ಲ ಮೊದಲು ಮಾವನವರಿಗೆ ಹೇಳಿ ನೋಡಿದೆ. ಅಟ್ಟೆಯ ಮಾತು ಅವರಿಗೆ ಕೂಡಲೇ ಹಿಡಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಜಿ.ಕೆ.ವಿ.ಕೆ.ನಲ್ಲಿ ಅದೇನೋ ಪರೀಕ್ಷೆ ಸುರುವಾದ್ರೆ ನನ್ ಹೆಸ್ರು ಬರ್ಸವ್ವ, ದುಡ್ಡು ಕೇಳಾಕಿಲ್ಲ ಅಂದ್ಯಲ್ಲ” ಎಂದರು. ಅಲ್ಲಿ ರೋಗಿಗಳಿಗೆ ಮದ್ದು ಕೊಡುವುದಿಲ್ಲ, ಅದು ಸಂಶೋಧನೆಯ ಮನೆ, ಪರೀಕ್ಷೆ ನಡೆಯುವುದು ಆಸ್ಪತ್ರೆಗಳಲ್ಲಿ ಎಂದು ತಿಳಿಸಿದೆ. “ಹಂಗಾದ್ರೆ ಆಸ್ಪತ್ರೇಲೇ ಬರ್ಸು” ಎಂದು ಹೇಳಿ, ಟವಲು ಸುತ್ತಿಕೊಂಡು ಚಾಪೆಯ ಮೇಲೆ ಕಾಲು ಚಾಚಿದರು.